ಹಡಗಿನ ಹೊಗೆ, ಕಾರಿನ ಹೊಗೆ: ಯಾವುದಕ್ಕೆ ಮೊದಲು ಕಡಿವಾಣ?

ಗಂಧಕದ ಲೆಕ್ಕವಾದರೆ ಹಡಗೇ ಮೊದಲು. ಬಿಎಸ್‌6 ಡೀಸೆಲ್‌ನಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು). ಹಡಗಿನ ಎಣ್ಣೆಗೆ 2020ರಿಂದಿರುವ ಮಿತಿ ಶೇ 0.50, ಅಂದರೆ 5,000 ಪಿಪಿಎಂ; ಅದಕ್ಕೂ ಮುಂಚೆ ಶೇ 3.50 ಇತ್ತು! ‘ಒಂದು ಹಡಗು ಇಷ್ಟು ಕೋಟಿ ಕಾರಿಗೆ ಸಮ’ ಎಂಬ ಮಾತು ಹುಟ್ಟಿದ್ದು ಆ ಗಂಧಕದಿಂದ. ಇಂಗಾಲದ ಡೈಆಕ್ಸೈಡ್‌ಗೆ ಅದು ಹೊಂದದು: ಅಲ್ಲಿ ಹಡಗುಗಳ ಪಾಲು ಜಗತ್ತಿನಲ್ಲಿ ಸುಮಾರು ಶೇ 3, ಕಾರುಗಳದ್ದೇ ಹೆಚ್ಚು.

ಹಡಗಿಗೆ ಸ್ಕ್ರಬ್ಬರ್ ಕೂರಿಸಿದರೆ ಹೊಗೆಗೆ ಸಮುದ್ರದ ನೀರು ಸಿಂಪಡಿಸಿ ಗಂಧಕ ತೊಳೆಯುತ್ತದೆ. ನೀರನ್ನು ಹಿಡಿದಿಡದ ‘ಓಪನ್ ಲೂಪ್’ ಬಗೆಯದಾದರೆ ಆ ಆಮ್ಲದ ನೀರು ಮತ್ತೆ ಸಮುದ್ರಕ್ಕೇ. ಗಾಳಿಯ ಕೊಳೆ ನೀರಿಗೆ ಬಿತ್ತು, ಅಷ್ಟೆ. ಕಡಿಮೆ ಗಂಧಕದ ಗ್ಯಾಸ್ ಆಯಿಲ್ (ಡೀಸೆಲ್‌ನಂಥ ತೆಳು ಎಣ್ಣೆ) ಮೇಲು, ಆದರೆ ಬದಲಿಸುವಾಗ ಆತುರ ಕೂಡದು. ಹಳೆಯ ದಪ್ಪ ಎಣ್ಣೆ 100 ಡಿಗ್ರಿ ದಾಟಿ ಕಾದಿರುತ್ತದೆ, ಇದು ತಣ್ಣಗಿರುತ್ತದೆ. ನಿಮಿಷಕ್ಕೆ 2 ಡಿಗ್ರಿಗಿಂತ ಬೇಗ ಇಳಿಸಿದರೆ ಎಣ್ಣೆ ಪಂಪಿನೊಳಗೆ ಹಿಂದೆಮುಂದೆ ಆಡುವ ದಂಡ (ಪ್ಲಂಜರ್) ಕಚ್ಚಿಕೊಂಡು ನಡುನೀರಿನಲ್ಲಿ ಎಂಜಿನ್ ನಿಲ್ಲಬಹುದು. ಎಲ್ಲಕ್ಕಿಂತ ಅಗ್ಗದ್ದು ವೇಗ ತಗ್ಗಿಸುವುದು: ಶೇ 10 ಇಳಿಸಿದರೆ ಅದೇ ದೂರಕ್ಕೆ ಸುಮಾರು ಶೇ 19 ಎಣ್ಣೆ ಉಳಿಯುತ್ತದೆ.

ಕಾರಿನ ಹೊಗೆ ಮೂಗಿನ ಹತ್ತಿರದ್ದು. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವವರು ಡೀಸೆಲ್ ಕೊಳ್ಳಬೇಡಿ; ಹೊಗೆಯ ಮಸಿ ಹಿಡಿಯುವ ಸೋಸುಕ (ಡಿಪಿಎಫ್) ಸಾಕಷ್ಟು ಬಿಸಿಯಾಗದೆ ಮಸಿ ಕಟ್ಟುತ್ತದೆ.