ಟ್ಯೂಬ್‌ಲೆಸ್ ಟೈರ್ ಪಂಕ್ಚರ್: ಸ್ಟ್ರಿಪ್ ಒಳ್ಳೆಯದೋ, ಸೀಲೆಂಟ್ ದ್ರವವೋ?

ರಾಯಚೂರಿನಿಂದ ಸಿಂಧನೂರಿನ ಕಡೆ ಹೊರಟಾಗ ನಡುದಾರಿಯಲ್ಲಿ ಟೈರಿಗೆ ಮೊಳೆ ಹೊಕ್ಕರೆ ಕಾರಿನ ಡಿಕ್ಕಿಯಲ್ಲಿ ಏನಿರಬೇಕು? ಒಂದನ್ನೇ ಕೊಳ್ಳುವುದಾದರೆ ಸ್ಟ್ರಿಪ್ (ತೂತಿಗೆ ತುರುಕುವ ಅಂಟು ರಬ್ಬರ್ ಪಟ್ಟಿ) ಕಿಟ್ ಕೊಳ್ಳಿ.

ಮೊದಲು ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಿಂದ ಕೀಳಿ. ಅದೇ ಓರೆಯಲ್ಲಿ ರೀಮರ್ (ಕಿಟ್‌ನಲ್ಲಿರುವ ಒರಟು ಮೈಯ ಕಂಬಿ) ತೂರಿಸಿ ಎಂಟು-ಹತ್ತು ಸಲ ಆಡಿಸಿ. ಇಲ್ಲಿ ಅವಸರಪಟ್ಟರೆ ಕೆಲಸ ಕೆಟ್ಟಂತೆಯೇ: ತೂತಿನ ಒಳಮೈ ಒರಟಾಗದಿದ್ದರೆ ಸ್ಟ್ರಿಪ್ ಕಚ್ಚಿಕೊಳ್ಳುವುದಿಲ್ಲ. ಸೂಜಿಗೆ ಪೋಣಿಸಿದ ಸ್ಟ್ರಿಪ್‌ಗೆ ಸಲ್ಯೂಷನ್ (ರಬ್ಬರ್ ಅಂಟು) ಬಳಿದು ತೂತಿನೊಳಗೆ ಒತ್ತಿ. ಎರಡೂ ತುದಿ ಸುಮಾರು 1 ಸೆಂಟಿಮೀಟರ್ ಹೊರಗುಳಿದಾಗ ಸೂಜಿಯನ್ನು ಸರಕ್ಕನೆ ಎಳೆಯಿರಿ. ಗಾಳಿ ತುಂಬಿ ಸೋಪು ನೀರು ಹಚ್ಚಿ. ಗುಳ್ಳೆ ಎದ್ದರೆ ಕೂಡಲೇ ಇನ್ನೊಂದು ಸ್ಟ್ರಿಪ್. ಕೊನೆಗೆ ತುದಿ ಕತ್ತರಿಸಿ.

ಸೀಲೆಂಟ್‌ಗೆ ಇಷ್ಟು ತೋಳ್ಬಲ ಬೇಡ. ವಾಲ್ವ್‌ನಿಂದ ಒಳಗೆ ಬಿಟ್ಟು, ಗಾಳಿ ತುಂಬಿ, ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದರೆ ಸಣ್ಣ ತೂತು ಮುಚ್ಚುತ್ತದೆ. ರಾತ್ರಿ ಹೊತ್ತು, ಮಕ್ಕಳು ಜೊತೆಗಿದ್ದಾಗ ಇದೇ ವಾಸಿ. ಆದರೆ ಅಂಗಡಿ ಮುಟ್ಟುವ ತನಕದ ಉಪಾಯ ಅಷ್ಟೇ. ಅಂಟು ಒಳಗೆಲ್ಲ ಮೆತ್ತಿಕೊಳ್ಳುತ್ತದೆ, ತೊಳೆಯದೆ ಪ್ಯಾಚ್ ಕೂರದು, ವಾಲ್ವ್ ಕಟ್ಟಿಕೊಳ್ಳುವುದೂ ಉಂಟು. ಬಾಟಲಿಯ ಮೇಲಿನ ಅವಧಿ ನೋಡುತ್ತಿರಿ.

ತೂತು 6 ಮಿಲಿಮೀಟರ್ ಮೀರಿದ್ದರೆ, ಅಥವಾ ಟೈರಿನ ಪಕ್ಕದ ಗೋಡೆಯಲ್ಲಿದ್ದರೆ ಎರಡನ್ನೂ ಬಿಟ್ಟು ಸ್ಟೆಪ್ನಿ ಹಾಕಿ. ಗಾಳಿಯ ಅಳತೆ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಮೀಟರ್ ಹೆಚ್ಚೇ ತೋರಿಸುತ್ತದೆ.