ಹತ್ತು ಪುಸ್ತಕ, ಎಲ್ಲರಿಗೂ ಅದೇ ಮುಖ

ಮಗಳಿಗೆ ಏಳು ತುಂಬಿದಾಗ ತಂದ ಸೆಟ್ ಇದು. ಮಕ್ಕಳಿಗಾಗಿ ಬರೆದ ಸಚಿತ್ರ ಜೀವನಚರಿತ್ರೆಗಳು, ಒಟ್ಟು ಹತ್ತು. ಒಂದಕ್ಕೆ 90 ರೂಪಾಯಿ. ಒಂದೇ ಸಲ ಒಂಬೈನೂರು ಕೊಡುವಾಗ ನನಗೆ ಕೈ ಬಂದಿರಲಿಲ್ಲ. ಅದಕ್ಕೇ ಒಂದೂವರೆ ವರ್ಷ ಚೆನ್ನಾಗಿ ಬಳಸಿ ಈಗ ಬರೆಯುತ್ತಿದ್ದೇನೆ.

ರಾತ್ರಿ ಊಟ ಆದ ಮೇಲೆ ಹಾಸಿಗೆಯಲ್ಲಿ ಒಂದು ಪುಸ್ತಕ, ಇದು ನಮ್ಮನೆ ಪದ್ಧತಿ. ಆದರೆ ಅವಳು ಮೊದಲು ತೆಗೆಯುವುದು ಕೊನೆ ಪುಟ. ಅಲ್ಲಿ ಇಸವಿಗಳ ಪಟ್ಟಿ ಇದೆ. ಬೆರಳು ಮಡಚಿ, ತುಟಿ ಕಚ್ಚಿ ಕಳೆಯುತ್ತಾಳೆ. ವಿಶ್ವೇಶ್ವರಯ್ಯನವರದು 1861ರಿಂದ 1962. ನೂರಾ ಒಂದು ಬಂದ ದಿನ ಹಾಸಿಗೆ ಮೇಲೇ ಕುಣಿದಳು. ಹೋಂವರ್ಕಿನ ಕಳೆಯುವ ಲೆಕ್ಕಕ್ಕೆ ಅಳುವ ಹುಡುಗಿ ಇವಳೇ!

ತಕರಾರು ಶುರುವಾಗಿದ್ದೂ ಈ ಲೆಕ್ಕದಿಂದಲೇ. ಕಿತ್ತೂರು ಚೆನ್ನಮ್ಮ ಹುಟ್ಟಿದ್ದು 1778, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಯುದ್ಧ 1824.

"ಅವ್ವಾ, 46 ಅಂದ್ರ ನಿನಗಿಂತ ದೊಡ್ಡಾಕಿ. ಮತ್ತ ಇಲ್ಲಿ ಕಾಲೇಜಿನ ಅಕ್ಕನಂಗ ಕಾಣ್ತಾಳಲ್ಲ?"

ನೋಡಿದೆ. ಹೌದು. ತಿದ್ದಿದ ಹುಬ್ಬು, ಬೆಳ್ಳನೆ ಮುಖ, ಒಂದು ನರೆಗೂದಲಿಲ್ಲ. ಉಳಿದ ಪುಸ್ತಕ ತೆಗೆದರೆ ಬಹುತೇಕ ಎಲ್ಲರಿಗೂ ಅದೇ ಮುಖ. ಕೆಲವರಿಗೆ ಮೀಸೆ ಇದೆ, ಅಷ್ಟೇ. ಗಂಡ ತೀರಿಹೋಗಿ, ಮಗನೂ ಹೋದ ಮೇಲೆ ಸಂಸ್ಥಾನ ಉಳಿಸಿಕೊಳ್ಳಲು ನಿಂತ ಹೆಂಗಸು ಆಕೆ. ಆ ವಯಸ್ಸೇ ಅಲ್ವಾ ಕಥೆ?

ಧಾರವಾಡದಿಂದ ಕಿತ್ತೂರು ದೂರವೇನಲ್ಲ. ದಸರಾ ರಜೆಯಲ್ಲಿ ಕರೆದುಕೊಂಡು ಹೋದೆ. ಮಗಳು ಗುಮ್ಮಟ ಹುಡುಕಿದಳು. ಪುಸ್ತಕದಲ್ಲಿರುವ ಅರಮನೆ ಥೇಟ್ ಮೈಸೂರಿನದು, ಅದು ಕಟ್ಟಿ ಮುಗಿದಿದ್ದೇ 1912ರಲ್ಲಿ! ಇಲ್ಲಿ ಇರುವುದು ಮುರಿದ ಗೋಡೆ, ತಳಪಾಯ. ಇನ್ನೊಂದು ಸಿಟ್ಟು: ಪುಸ್ತಕ ಗೆಲುವಿಗೇ ಮುಗಿಯುತ್ತದೆ. ಅದೇ 1824ರ ಡಿಸೆಂಬರಿನಲ್ಲಿ ಕೋಟೆ ಬಿದ್ದಿದ್ದು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಿದ್ದು, ಒಂದು ಸಾಲೂ ಇಲ್ಲ. ಮಕ್ಕಳಿಗೆ ಬೇಸರ ಆಗುತ್ತದೆ ಅಂತ ಬಿಟ್ಟರೋ ಏನೋ. "ಆಮ್ಯಾಲೆ ಏನಾತು?" ಅಂತ ಕೇಳಿದ್ದಕ್ಕೆ ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಮನೆಗೆ ಬಂದು ಕೊನೆ ಪುಟದಲ್ಲಿ ಪೆನ್ಸಿಲ್‌ನಿಂದ 1829 ಬರೆದುಕೊಂಡಳು.

ಅಷ್ಟರಲ್ಲಿ ಪೂರ್ತಿ ಸೆಟ್ ಅಟ್ಟಕ್ಕೆ ಹಾಕುವ ಮನಸ್ಸಾಗಿತ್ತು. ಉಳಿಸಿದ್ದು ಸಾವಿತ್ರಿಬಾಯಿ ಫುಲೆ. ಇದರ ಚಿತ್ರಗಾರರೇ ಬೇರೆ ಇರಬೇಕು. 1848ರ ಪುಣೆ, ಹದಿನೇಳರ ಹುಡುಗಿ ಪಾಠ ಮಾಡಲು ಹೊರಟಿದ್ದಾಳೆ. ಜನ ಸಗಣಿ, ಕೆಸರು ಎರಚಿದರು ಅಂತ ಮಾತ್ರ ಬರೆದಿದೆ. ಆದರೆ ಬೀದಿಯಲ್ಲಿ ಹಸಿರು ಸೀರೆ, ತರಗತಿಯಲ್ಲಿ ಕೆಂಪು. "ಸೀರಿ ಬದಲಾಗೇದ!" ಅಂತ ಕೂಗಿ ಮಗಳು ಪುಟ ಹಿಂದೆ ತಿರುವಿದಳು. ಕಂಕುಳಲ್ಲಿದ್ದ ಬಟ್ಟೆ ಚೀಲದಿಂದ ಕೆಂಪು ಅಂಚು ಚೂರೇ ಚೂರು ಇಣುಕುತ್ತಿದೆ. ಆಕೆ ದಿನಾ ಇನ್ನೊಂದು ಸೀರೆ ಒಯ್ಯುತ್ತಿದ್ದರು ಅನ್ನುವುದನ್ನು ಚಿತ್ರದಲ್ಲೇ ಹೇಳಿಬಿಟ್ಟಿದ್ದಾರೆ. ಆ ಪುಸ್ತಕದ ಪಿನ್ ಕಿತ್ತುಹೋಗಿ ಎರಡು ಸಲ ದಾರ ಹಾಕಿ ಹೊಲಿದಿದ್ದೇನೆ.

ಸೆಟ್ಟಿಗೆ ದುಡ್ಡು ಹಾಕಬೇಡಿ, ಬಿಡಿ ಪುಸ್ತಕವೂ ಸಿಗುತ್ತದೆ. ಅಂಗಡಿಯಲ್ಲೇ ನಿಂತು ಮುಖಗಳನ್ನು ನೋಡಿ ಆರಿಸಿ. ಅಣ್ಣನ ಮಗನಿಗೆ ಸಾವಿತ್ರಿಬಾಯಿ ಇನ್ನೊಂದು ಪ್ರತಿ ತಂದಿಟ್ಟಿದ್ದೇನೆ. ಚೆನ್ನಮ್ಮನ ಪುಸ್ತಕ ನಮ್ಮಲ್ಲೇ ಇರುತ್ತದೆ. ಅದರಲ್ಲಿ ಈಗ ರಾಣಿಗೆ ಪೆನ್ಸಿಲ್ಲಿನ ನರೆಗೂದಲೂ ಬಂದಿದೆ.