ಫ್ರಾನ್ಸಿನ ಮೇಯರ್ ಚುನಾವಣೆ: ಮತಗಟ್ಟೆಗೆ ನಾಲ್ಕೂವರೆ ಸ್ಟಾರ್, ಸೀಟಿನ ಲೆಕ್ಕಕ್ಕೆ ಎರಡು

ಚುನಾವಣೆಯೂ ಒಂದು ಸೇವೆಯೇ. ಮತ ಹಾಕೋದು ಎಷ್ಟು ಸಲೀಸು, ಎಣಿಕೆ ಕಣ್ಣೆದುರು ಆಗುತ್ತದಾ, ಕೊನೆಗೆ ಕೈಗೆ ಬರುವ ಆಡಳಿತ ನಿಲ್ಲುತ್ತದಾ ಅಂತ ನೋಡಿ ಅಂಕ ಕೊಡಬಹುದು. ಇಲ್ಲಿ ಅಂಕ ಕೊಡುತ್ತಿರುವುದು ಫ್ರಾನ್ಸಿನ ದೊಡ್ಡ ನಗರಗಳ ಪದ್ಧತಿಗೆ. ಮಾದರಿ, ಲೀಲ್ ನಗರದ 2020ರ ಪಾಲಿಕೆ ಚುನಾವಣೆ. ಹೋಲಿಸಿ ನೋಡಲು ನಮ್ಮ ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳ 2018ರ ಚುನಾವಣೆ.

ಮೊದಲು ಮತಗಟ್ಟೆ. ಫ್ರಾನ್ಸಿನಲ್ಲಿ ಮತದಾನ ಭಾನುವಾರವೇ. ಬೆಳಗ್ಗೆ 8ಕ್ಕೆ ಶುರು, ದೊಡ್ಡ ನಗರಗಳಲ್ಲಿ ರಾತ್ರಿ 8ರವರೆಗೂ ಇರುತ್ತದೆ. ಮತಯಂತ್ರ ಇರುವ ಊರುಗಳು ಕೆಲವೇ. ಮಿಕ್ಕೆಡೆ ಎಲ್ಲ ಕಾಗದದ್ದೇ ಕೆಲಸ. ಗುರುತಿನ ಚೀಟಿ ತೋರಿಸಿ ಒಂದು ಲಕೋಟೆ ತೆಗೆದುಕೊಳ್ಳಬೇಕು. ಮೇಜಿನ ಮೇಲೆ ಪ್ರತಿ ಬಣಕ್ಕೂ ಬೇರೆ ಬೇರೆ ಮತಪತ್ರದ ಕಟ್ಟು ಇರುತ್ತದೆ. ಒಂದನ್ನೇ ಎತ್ತಿಕೊಂಡರೆ ಗುಟ್ಟು ರಟ್ಟಾಯಿತು, ಹಾಗಾಗಿ ಕನಿಷ್ಠ ಎರಡು ಎತ್ತಿಕೊಳ್ಳುವುದು ವಾಡಿಕೆ. ಪರದೆಯ ಮರೆಗೆ ಹೋಗಿ ಬೇಕಾದ್ದನ್ನು ಮಡಚಿ ಲಕೋಟೆಗೆ ತುರುಕುವುದು, ಪಾರದರ್ಶಕ ಪೆಟ್ಟಿಗೆಗೆ ಹಾಕುವುದು, ಮತದಾರರ ಪಟ್ಟಿಯಲ್ಲಿ ಸಹಿ ಮಾಡುವುದು. ಬೆರಳಿಗೆ ಶಾಯಿ ಇಲ್ಲ, ಆ ಸಹಿಯೇ ಶಾಯಿ. ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿ ಮತಗಟ್ಟೆಯ ಅಧ್ಯಕ್ಷರ ಬಳಿ, ಇನ್ನೊಂದು ಸಹಾಯಕರಲ್ಲಿ ಚೀಟಿ ಎತ್ತಿ ಆರಿಸಿದವರ ಬಳಿ.

ಲೀಲ್‌ನಂಥ ನಗರದಲ್ಲಿ ಮತಪತ್ರ ಅಂದರೆ ಎ4 ಅಳತೆಯ ಹಾಳೆ, ಅದರ ತುಂಬ ಪಾಲಿಕೆಯ 61 ಸೀಟಿಗೆ ಕನಿಷ್ಠ 61 ಹೆಸರು. ಮತ ಇಡೀ ಪಟ್ಟಿಗೆ, ಒಬ್ಬ ಅಭ್ಯರ್ಥಿಗಲ್ಲ. ಗಂಡು, ಹೆಣ್ಣು ಒಬ್ಬರಾದ ಮೇಲೊಬ್ಬರು ಬರಲೇಬೇಕು. ಜನ ಎಡವುವುದು ಇಲ್ಲೇ. ಹಿಡಿಸದ ಹೆಸರಿನ ಮೇಲೆ ಗೀಟು ಎಳೆದರೆ ಮತ ಅಸಿಂಧು. ಎರಡು ಬಣಗಳ ಪತ್ರ ಒಟ್ಟಿಗೆ ಹಾಕಿದರೂ ಅಸಿಂಧು. ಒಂದೇ ಬಣದ ಎರಡು ಹಾಕಿದರೆ ಮಾತ್ರ ಒಂದು ಮತವಾಗಿ ಎಣಿಸುತ್ತಾರೆ. ಖಾಲಿ ಲಕೋಟೆಗಳನ್ನು ಬೇರೆಯಾಗಿ ಎಣಿಸಿ ಪ್ರಕಟಿಸುತ್ತಾರೆ, ಶೇಕಡಾವಾರಿಗೆ ಸೇರಿಸುವುದಿಲ್ಲ.

ಐದಕ್ಕೆ ಐದು ಕೊಡಬೇಕೆನಿಸುವುದು ಎಣಿಕೆಗೆ. ತುಮಕೂರಲ್ಲಿ ಆಗಸ್ಟ್ 31ಕ್ಕೆ ಮತ ಹಾಕಿ, ಮತಯಂತ್ರ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಸಿ, ಸ್ಟ್ರಾಂಗ್ ರೂಮಿಗೆ ಬೀಗ ಜಡಿದು ಸೆಪ್ಟೆಂಬರ್ 3ರವರೆಗೆ ಕಾದೆವು. ಫ್ರಾನ್ಸಿನಲ್ಲಿ ಪೆಟ್ಟಿಗೆ ಮತಗಟ್ಟೆ ಬಿಟ್ಟು ಕದಲುವುದೇ ಇಲ್ಲ. ಮತದಾನ ಮುಗಿದ ಕೂಡಲೇ ಮೊದಲು ಸಹಿ ಎಣಿಸಿ, ಆಮೇಲೆ ಲಕೋಟೆ ಎಣಿಸಿ ತಾಳೆ ನೋಡುತ್ತಾರೆ. ವ್ಯತ್ಯಾಸ ಬಂದರೆ ಬರಹದಲ್ಲಿ ದಾಖಲಾಗಬೇಕು. ಲಕೋಟೆಗಳನ್ನು ನೂರು ನೂರಾಗಿ ದೊಡ್ಡ ಕವರುಗಳಿಗೆ ತುಂಬಿ ಮುಚ್ಚಿ ಸಹಿ ಹಾಕುತ್ತಾರೆ. ಪ್ರತಿ ಮೇಜಿಗೆ ಕನಿಷ್ಠ ನಾಲ್ವರು, ಅದೂ ಸಾಮಾನ್ಯ ಮತದಾರರು. ಒಬ್ಬರು ಲಕೋಟೆ ಬಿಚ್ಚಿ ಕೊಡುತ್ತಾರೆ, ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ, ಮಿಕ್ಕಿಬ್ಬರು ಬೇರೆ ಬೇರೆ ಹಾಳೆಯಲ್ಲಿ ಗೀಟು ಹಾಕುತ್ತಾರೆ. ಇಬ್ಬರ ಲೆಕ್ಕವೂ ಒಂದೇ ಬರಬೇಕು. ಸುತ್ತ ನಿಂತು ಯಾರು ಬೇಕಾದರೂ ನೋಡಬಹುದು.

ಅರ್ಧ ಸ್ಟಾರ್ ಕಿತ್ತುಕೊಂಡದ್ದು ಎರಡು ಕಾರಣಕ್ಕೆ. ಮತಗಟ್ಟೆಯ ಅಧ್ಯಕ್ಷರಾಗಿ ಕೂರುವ ಮೊದಲ ಸರದಿ ಮೇಯರ್, ಉಪಮೇಯರ್, ಹಾಲಿ ಸದಸ್ಯರದ್ದೇ. ನಮ್ಮಲ್ಲಿ ಕಾರ್ಪೊರೇಟರ್ ಹೋಗಿ ಪಿಆರ್‌ಓ (ಮತಗಟ್ಟೆಯ ಮುಖ್ಯ ಅಧಿಕಾರಿ) ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದೊಳಗೆ ಪೊಲೀಸ್ ವ್ಯಾನ್ ಬಂದಿರುತ್ತದೆ! ಇನ್ನೊಂದು, ಎಣಿಕೆ ಮುಗಿದ ಮೇಲೆ ಸಿಂಧುವಾದ ಮತಪತ್ರಗಳನ್ನು ಜನರೆದುರೇ ನಾಶ ಮಾಡುತ್ತಾರೆ. ಅಸಿಂಧು, ಖಾಲಿ, ತಕರಾರಿನವು ಮಾತ್ರ ದಾಖಲೆಗೆ ಲಗತ್ತಾಗುತ್ತವೆ. ಆಮೇಲೆ ಮರುಎಣಿಕೆ ಕೇಳಿದರೆ ಎಣಿಸಲು ಕಾಗದವೇ ಇರುವುದಿಲ್ಲ.

ಲೀಲ್‌ನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಯಾವ ಪಟ್ಟಿಯೂ ಅರ್ಧ ದಾಟದಿದ್ದರೆ ಎರಡನೇ ಸುತ್ತು. ಅದಕ್ಕೆ ಹೋಗಲು ಶೇ 10 ಬೇಕು. ಶೇ 5 ಇದ್ದವರು ಇನ್ನೊಂದು ಪಟ್ಟಿಯಲ್ಲಿ ವಿಲೀನವಾಗಬಹುದು. ಸಾಮಾನ್ಯವಾಗಿ ಒಂದೇ ವಾರದ ಅಂತರ, ಮೈತ್ರಿ ಕುದುರಿಸಲು ಮಂಗಳವಾರ ಸಂಜೆ 6ರ ಗಡುವು. 2020ರಲ್ಲಿ ಕೋವಿಡ್‌ನಿಂದಾಗಿ ಮಾರ್ಚ್ 15ರ ನಂತರದ ಸುತ್ತು ಜೂನ್ 28ಕ್ಕೆ ಹೋಯಿತು. ಅಷ್ಟು ಕಾಲಾವಕಾಶ ಸಿಕ್ಕಿದರೂ ಮೇಯರ್ ಮಾರ್ಟಿನ್ ಓಬ್ರಿಯವರ ಸೋಷಲಿಸ್ಟರಿಗೂ ಹಸಿರು ಪಕ್ಷದ ಸ್ಟೆಫಾನ್ ಬಾಲಿಗೂ ಹೊಂದಾಣಿಕೆ ಆಗಲಿಲ್ಲ. ಅಂತಿಮ ಸುತ್ತಿನಲ್ಲಿ ಓಬ್ರಿಗೆ 15,389, ಬಾಲಿಗೆ 15,162, ಮೂರನೆಯವರಾದ ವಯೊಲೆಟ್ ಸ್ಪಿಲ್‌ಬೂಗೆ 7,927. ಅಂತರ 227 ಮತ, ಮತ್ತೆ ಎಣಿಸಲು ಕಾಗದ ಇಲ್ಲ.

ಇನ್ನು ಸೀಟು ಹಂಚುವುದು. ಇರುವುದು 61. ಮೊದಲು ಬಂದ ಪಟ್ಟಿಗೆ ಅರ್ಧ ಸೀಟು, ಅಂದರೆ 31, ನೇರವಾಗಿ ಬೋನಸ್. ಉಳಿದ 30ನ್ನು ಮೂರೂ ಪಟ್ಟಿಗಳಿಗೆ ಮತದ ಪ್ರಮಾಣದಲ್ಲಿ ಹಂಚಿದರೆ 12, 12, 6. ಕೊನೆಗೆ ಓಬ್ರಿಗೆ 43, ಬಾಲಿಗೆ 12, ಸ್ಪಿಲ್‌ಬೂಗೆ 6. ಶೇ 40 ಮತಕ್ಕೆ ಶೇ 70 ಸೀಟು. ಅದಕ್ಕಿಂತ 227 ಕಡಿಮೆ ಬಂದವರಿಗೆ ಶೇ 20ಕ್ಕೂ ಕಮ್ಮಿ. ಎರಡು ಸ್ಟಾರ್ ಕೊಟ್ಟದ್ದೇ ಹೆಚ್ಚಾಯಿತು.

ಆ ಎರಡಾದರೂ ಯಾಕೆ ಅಂದರೆ, 2018ರ ತುಮಕೂರು ನೆನಪಿಸಿಕೊಳ್ಳಿ. ಬಿಜೆಪಿ 12, ಕಾಂಗ್ರೆಸ್ 10, ಜೆಡಿಎಸ್ 10, ಪಕ್ಷೇತರರು 3. ಬಹುಮತಕ್ಕೆ ಬೇಕಾದ 18 ಯಾರ ಬಳಿಯೂ ಇಲ್ಲ. ಮತದ ಪಾಲೂ ಇದೇ ಅಂದುಕೊಂಡು ಫ್ರೆಂಚ್ ಸೂತ್ರ ಹಚ್ಚಿದರೆ ಮೊದಲು ಬಂದವರಿಗೆ ಬೋನಸ್ 18, ಉಳಿದ 17ರಲ್ಲಿ 6, ಒಟ್ಟು 24. ಎರಡನೇ ಸುತ್ತಿಗೆ ಮುಂಚೆಯೇ ಕಾಂಗ್ರೆಸ್, ಜೆಡಿಎಸ್ ಕೈಜೋಡಿಸಿದ್ದರೆ ಆ 18ರ ಬೋನಸ್ ಬಹುಶಃ ಅವರ ಪಾಲಾಗುತ್ತಿತ್ತು. ಏನಿದ್ದರೂ ಮೈತ್ರಿ ಯಾರ ಜೊತೆ ಅಂತ ಜನಕ್ಕೆ ಮತ ಹಾಕುವ ಮೊದಲೇ ಗೊತ್ತಿರುತ್ತಿತ್ತು. ಗೆದ್ದ ಮೇಲೆ ರೆಸಾರ್ಟ್ ಬಸ್ ಹತ್ತಿಸುವ ಕೆಲಸ ಇಲ್ಲ. ಮೇಯರನ್ನು ಅಲ್ಲೂ ಸದಸ್ಯರೇ ಆರಿಸುವುದು. ಮತದಾನದ ಮುಂದಿನ ವಾರಾಂತ್ಯದೊಳಗೆ ಸಭೆ, ಗುಪ್ತ ಮತ. ಸಂಸದರು, ಶಾಸಕರು ಬಂದು ಕೈ ಎತ್ತುವ ಪದ್ಧತಿ ಇಲ್ಲ, ಮೀಸಲಾತಿ ಪಟ್ಟಿಗೆ ಸರ್ಕಾರದ ಮುಖ ನೋಡುವುದೂ ಇಲ್ಲ. ಅವಧಿ ಆರು ವರ್ಷ. ನಮ್ಮ ಮೇಯರ್‌ಗೆ ಒಂದೇ ವರ್ಷ. ಕಸದ ಟೆಂಡರ್ ಅರ್ಥವಾಗುವಷ್ಟರಲ್ಲಿ ಬೀಳ್ಕೊಡುಗೆ.

ಪ್ಯಾರಿಸ್, ಲಿಯೋನ್, ಮಾರ್ಸೆಯ ಲೆಕ್ಕವೇ ಬೇರೆ. 1982ರ ಕಾನೂನಿನಂತೆ ಅಲ್ಲಿ ವಿಭಾಗವಾರು ಮತ ಎಣಿಸುತ್ತಿದ್ದರು. 1983ರಲ್ಲಿ ಮಾರ್ಸೆಯಲ್ಲಿ ಗಾಸ್ತೋನ್ ದೆಫೇರ್ ಎದುರಾಳಿಗಿಂತ ಕಡಿಮೆ ಮತ ಪಡೆದೂ ಮೇಯರ್ ಆದದ್ದು ಹೀಗೆ. 2025ರ ಆಗಸ್ಟ್‌ನ ತಿದ್ದುಪಡಿಯಿಂದ ವಿಭಾಗಕ್ಕೊಂದು, ನಗರಕ್ಕೊಂದು ಪ್ರತ್ಯೇಕ ಮತ ಬಂತು, ನಗರ ಮಟ್ಟದ ಬೋನಸ್ ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. ಬದಲಿಗೆ ಮತದಾರನ ಕೈಗೆ ಕಾಗದ ಜಾಸ್ತಿಯಾಯಿತು: ಲಿಯೋನ್‌ನಲ್ಲಿ ಮಹಾನಗರ ಮಂಡಳಿಯದೂ ಸೇರಿ ಒಂದೇ ದಿನ ಮೂರು ಮತ. ಕಾಲು ಭಾಗದ ಈ ಬೋನಸ್ಸನ್ನು ಲೀಲ್‌ಗೂ ಕೊಟ್ಟಿದ್ದರೆ ಇನ್ನೊಂದು ಸ್ಟಾರ್ ಕೊಡಬಹುದಿತ್ತು.